ಎದುರುಮನೆಯ ಜಾಕಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎದುರುಮನೆಯ ರುದ್ರವ್ವ ಒಡೆದ ಮಡಕೆಯ ಚೂರಿನಲ್ಲಿ ಕೆಂಡ ತಂದರು. ಈ ಊರಿನ ಪದ್ಧತಿ ಅದು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಕರ್ಮವೆಲ್ಲ ಮುಗಿಯುವವರೆಗೆ ಎದುರುಮನೆಯವರು ಅನ್ನ ಹೊತ್ತು ತರುತ್ತಾರೆ. ಮುಗಿದ ಮೇಲೆ ಒಂದು ಬೆಳಿಗ್ಗೆ ಅನ್ನದ ಬದಲು ಕೆಂಡ ತರುತ್ತಾರೆ. ಇನ್ನು ನಿನ್ನ ಅಡುಗೆ ನೀನು ಮಾಡಿಕೋ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಅದು ಮೇಲು.

ಕೆಂಡವನ್ನು ಒಲೆಗೆ ಹಾಕಿ ಊದಿದೆ. ಹಾಲಿಟ್ಟೆ. ರುದ್ರವ್ವ ಹೊಸ್ತಿಲಲ್ಲೇ ನಿಂತಿದ್ದರು. ಹಾಲು ಪಾತ್ರೆಯ ಅಂಚಿಗೆ ಸುತ್ತಲೂ ಸಮನಾಗಿ ಉಕ್ಕಿ ಬಂದಾಗ, ಒಲೆ ಚೆನ್ನಾಗಿ ಕೂತಿದೆ ಎಂದರು. ಅಡುಗೆಮನೆಯ ಮೂಲೆಯ ಕಡೆ ಒಮ್ಮೆ ನೋಡಿದರು, ಆಮೇಲೆ ನೆಲ ನೋಡಿದರು. ಉಂಡುಬಿಡು, ಹಾಗೇ ಕೂರಬೇಡ ಎಂದು ಹೇಳಿ ಎರಡು ಮನೆಗಳ ನಡುವಿನ ಹಲಗೆ ದಾಟಿ ಹೋದರು. ಆ ನೋಟದ ಅರ್ಥ ಆಗ ನನಗೆ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಅರ್ಥವಾಗುತ್ತಿರಲಿಲ್ಲ. ಅಳುವೂ ಬರಲಿಲ್ಲ. ಕೈಕಾಲು ಬೇರೆ ಯಾರದೋ ಅನ್ನುವ ಹಾಗಿದ್ದವು, ಹೇಳಿದ ಕೆಲಸ ಮಾಡುತ್ತಿದ್ದವು.

ನಮ್ಮದು ಒಂದೇ ಬೀದಿಯ ಊರು. ಬೀದಿಯ ಉದ್ದಕ್ಕೂ ನಡುವೆ ಒಂದು ಸೀಳು. ಪಡುವಲ ಸಾಲಿನ ಮನೆಗಳು ನೆಲದ ಸಮೇತ ಗುಡ್ಡದ ಕಡೆಗೆ ಸರಿಯುತ್ತವೆ, ಮೂಡಲ ಸಾಲಿನವು ಕೆರೆಯ ಕಡೆಗೆ. ಬೆಳಗಿನ ಜಾವ ಕಿವಿಗೊಟ್ಟರೆ ಸೀಳಿನೊಳಗಿಂದ ಯಾರೋ ದೂರದಲ್ಲಿ ರಾಗಿ ಬೀಸುತ್ತಿರುವ ಹಾಗೆ ಕೇಳಿಸುತ್ತದೆ. ಕರೆಂಟಿನ ತಂತಿಗಳನ್ನು ಇಲ್ಲಿ ಬಿಗಿಯಾಗಿ ಎಳೆಯುವುದಿಲ್ಲ, ಜೋಲು ಬಿಟ್ಟಿರುತ್ತಾರೆ. ನೀರು ಸೀಳು ದಾಟುವಲ್ಲಿ ಕಬ್ಬಿಣದ ಪೈಪಿಲ್ಲ, ಸುರುಳಿ ಸುತ್ತಿದ ರಬ್ಬರಿನದು ಇದೆ. ಚಹಾದಂಗಡಿಯ ಪರಸಪ್ಪನ ಅಜ್ಜ ಸೀಳಿನ ಈಚೆ ಒಲೆ, ಆಚೆ ಬೆಂಚು ಹಾಕಿ ಅಂಗಡಿ ಶುರು ಮಾಡಿದ್ದನಂತೆ. ಈಗ ಒಲೆ ಗುಡ್ಡದ ಬುಡದಲ್ಲಿದೆ, ಬೆಂಚು ಶಾಲೆಯ ಹತ್ತಿರ ಇದೆ. ಪರಸಪ್ಪ ಚಹಾ ಹಿಡಿದುಕೊಂಡು ಅಷ್ಟು ದೂರ ನಡೆಯುತ್ತಾನೆ. ಬೆಂಚನ್ನು ಒಲೆಯ ಹತ್ತಿರ ತಂದುಕೊಳ್ಳಬಾರದೇ ಎಂದು ನಾನು ಬಂದ ಹೊಸದರಲ್ಲಿ ಕೇಳಿದ್ದೆ. ಗಿರಾಕಿಗಳಿಗೆ ಅಲ್ಲೇ ಕೂತು ಅಭ್ಯಾಸ ಎಂದಿದ್ದ.

ಸೀಳು ಉದ್ದಕ್ಕೂ ನೆಟ್ಟಗಿದ್ದಿದ್ದರೆ ಮನೆಗಳು ಸರಿಯುತ್ತಲೇ ಇರುತ್ತಿದ್ದವೇನೋ. ಎರಡು ತುದಿಯಲ್ಲೂ ಅದು ಬಾಗಿದೆ. ಒಂದು ತುದಿಯ ಬಾಗಿನಲ್ಲಿ ನೆಲ ನೆಲವನ್ನು ಒತ್ತುತ್ತದೆ, ಒತ್ತಿದ್ದು ಮೇಲೇಳುತ್ತದೆ, ಅದೇ ಗುಡ್ಡ. ಇನ್ನೊಂದು ತುದಿಯಲ್ಲಿ ನೆಲ ನೆಲದಿಂದ ಬಿಟ್ಟುಕೊಂಡು ತಗ್ಗು ಬೀಳುತ್ತದೆ, ತಗ್ಗಿಗೆ ನೀರು ಬಂದು ನಿಲ್ಲುತ್ತದೆ, ಅದೇ ಕೆರೆ. ವಿಶ್ವವಿದ್ಯಾಲಯದಲ್ಲಿ ನಮ್ಮ ಪ್ರೊಫೆಸರರು ಇದನ್ನು ಎರಡು ಡಸ್ಟರ್ ಹಿಡಿದು ತೋರಿಸುತ್ತಿದ್ದರು. ಭೂಫಲಕಗಳು ಒಂದನ್ನೊಂದು ಗುದ್ದಿದರೆ ಪರ್ವತ, ದೂರ ಸರಿದರೆ ಕಣಿವೆ, ಆಮೇಲೆ ಸಮುದ್ರ. ಉಜ್ಜಿಕೊಂಡು ಹೋದರೆ ಮಾತ್ರ ಏನೂ ಹುಟ್ಟುವುದಿಲ್ಲ, ಏನೂ ನಾಶವಾಗುವುದಿಲ್ಲ ಎನ್ನುತ್ತಿದ್ದರು. ಅಷ್ಟು ಹೇಳುವಷ್ಟರಲ್ಲಿ ಅವರ ಅಂಗಿಯ ತೋಳು ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಾಗಿರುತ್ತಿತ್ತು. ಫಲಕಗಳು ಉಗುರು ಬೆಳೆಯುವಷ್ಟು ನಿಧಾನ ಎಂದು ಕಲಿತು ಬಂದವಳು ನಾನು. ಇಲ್ಲಿ ಮನೆಗಳು ಬಳ್ಳಿ ಹಬ್ಬುವ ವೇಗದಲ್ಲಿ ಸರಿಯುತ್ತವೆ. ಅಳತೆ ಮಾಡಿಕೊಂಡು ಹೋಗಲೆಂದು ಬಂದಿದ್ದೆ. ಈ ಊರಿನ ಬಸವಂತ ನನ್ನ ಅಳತೆಯ ಗೂಟಗಳನ್ನು ನೆಲಕ್ಕೆ ಬಡಿದುಕೊಟ್ಟ. ಅಳತೆ ಮುಗಿಯಿತು, ನಾನು ಹೋಗಲಿಲ್ಲ.

ಅವನ ಕೆಲಸ ಮನೆ ಎತ್ತುವುದು. ಇಲ್ಲಿಯ ಮನೆಗಳಿಗೆ ತಳಪಾಯ ಇಲ್ಲ, ಮರದ ಚೌಕಟ್ಟಿನ ಮೇಲೆ ಕೂತಿರುತ್ತವೆ. ಸಾಲಿನ ತುದಿ ಮುಟ್ಟಿದ ಮನೆಗೆ ನಾಲ್ಕು ಮೂಲೆಯಲ್ಲೂ ಜಾಕಿ ಕೊಟ್ಟು ಎತ್ತುತ್ತಾರೆ. ಕೆಳಗೆ ದಿಮ್ಮಿ ಹಾಕಿ ಉರುಳಿಸಿಕೊಂಡು ಅದೇ ಸಾಲಿನ ಇನ್ನೊಂದು ತುದಿಗೆ ಒಯ್ದು ಇಳಿಸುತ್ತಾರೆ. ಮನೆ ಅಲ್ಲಿಂದ ಮತ್ತೆ ಹೊರಡುತ್ತದೆ. ಪಡುವಲ ಸಾಲು ಹೊರಡುವುದು ಕೆರೆಯ ದಡದಿಂದ, ಅಲ್ಲಿ ಹೊಸ ನೆಲ. ಹೊಸದಾಗಿ ಮದುವೆಯಾದವರು ಅಲ್ಲೇ ಮನೆ ಕಟ್ಟುತ್ತಾರೆ. ನಾವೂ ಕಟ್ಟಿದೆವು. ನಮ್ಮ ಬಾಗಿಲಿಗೆ ಎದುರಾದದ್ದು ರುದ್ರವ್ವ, ಫಕೀರಪ್ಪ ದಂಪತಿಯ ಬಾಗಿಲು. ಅವರದು ಮೂಡಲ ಸಾಲಿನ ಕೊನೆಯ ಮನೆ, ದಾರಿ ಸವೆಸಿ ಕೆರೆಯ ಹತ್ತಿರ ಬಂದದ್ದು. ನಮ್ಮದು ಆಗ ತಾನೇ ಹೊರಟದ್ದು.

ಎದುರುಮನೆ ಎಂದರೆ ಇಲ್ಲಿ ಒಂದು ನಂಟು. ಎರಡು ಹೊಸ್ತಿಲ ನಡುವೆ, ಸೀಳಿನ ಮೇಲೆ, ಒಂದು ಹಲಗೆ ಹಾಕಿರುತ್ತಾರೆ. ಮನೆಗಳು ಸರಿದ ಹಾಗೆ ಹಲಗೆ ಓರೆಯಾಗುತ್ತಾ ಹೋಗುತ್ತದೆ. ಅದರ ತುದಿ ಎದುರಿನ ಹೊಸ್ತಿಲಿಗೆ ಎಟುಕದೆ ಹೋದ ದಿನ ಬೆಲ್ಲ ಹಂಚಿ, ಮುಂದಿನ ಮನೆಯ ಜೊತೆ ನಂಟು ಹಿಡಿಯುತ್ತಾರೆ. ಅಲ್ಲಿಯವರೆಗೆ ಹೆರಿಗೆಗೂ ಸಾವಿಗೂ ಅವರೇ ಮೊದಲು. ಸೌಟಿನಿಂದ ಹಿಡಿದು ಏಣಿಯವರೆಗೆ ಎಲ್ಲವೂ ಹಲಗೆಯ ಮೇಲೆ ಹೋಗಿ ಬರುತ್ತವೆ. ಕೊಡುವವರು ತಮ್ಮ ಹಳೆಯ ಸೀರೆಯ ಒಂದು ಚೂರು ಹರಿದು ಸಾಮಾನಿಗೆ ಕಟ್ಟಿ ಕೊಡುತ್ತಾರೆ, ಆಮೇಲೆ ಅದರ ಮಾತೆತ್ತುವುದಿಲ್ಲ. ಎದುರಿನವರಿಗೆ ಕೊಟ್ಟದ್ದನ್ನು ಕೇಳುವ ಹಾಗಿಲ್ಲ, ಸಾವಾದ ಮನೆಯಲ್ಲಂತೂ ಅದರ ಹೆಸರು ಹೇಳುವ ಹಾಗೂ ಇಲ್ಲ. ತೆಗೆದುಕೊಂಡವರು ತಾವಾಗಿ ತಂದು ಕೊಡಬೇಕು. ಕೊಟ್ಟಾಗ ಸಾಮಾನಿನವರು ಕೆಲಸಕ್ಕೆ ಬಂತಾ ಎಂದು ಕೇಳುತ್ತಾರೆ. ತಂದವರು ಬಂತು ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಜರಡಿ ತಂದುಕೊಟ್ಟಾಗಲೂ ಇದನ್ನು ಕೇಳುತ್ತಾರಲ್ಲ ಎಂದು ಮೊದಮೊದಲು ನನಗೆ ನಗು ಬರುತ್ತಿತ್ತು.

ಹೊಸ ನೆಲ ಮೆತ್ತಗಿರುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಅಡುಗೆಮನೆಯ ಮೂಲೆ ಕುಸಿಯಿತು. ಸಾರು ತಟ್ಟೆಯ ಒಂದು ಕಡೆಗೇ ಹೋಗುತ್ತದೆ ಎಂದು ನಾನು ಒಂದು ಸಲ ಅಂದಿದ್ದೆ, ಅಷ್ಟೇ. ಮರುದಿನ ಬಸವಂತ ಮೂಲೆಯ ಕೆಳಗೆ ನುಗ್ಗಿ ಏನೋ ಮಾಡಿದ. ಸದ್ಯಕ್ಕೆ ಹೀಗಿರಲಿ, ಆಮೇಲೆ ಕಲ್ಲಿನ ಕಂಬ ಕೊಡುತ್ತೇನೆ ಎಂದು ಮೈಯ ಮಣ್ಣು ಒರೆಸಿಕೊಂಡ. ಅದಾದ ಸ್ವಲ್ಪ ದಿನಕ್ಕೇ ಅವನ ಕಣ್ಣು ಹಳದಿಯಾಯಿತು. ಕಾಮಾಲೆ. ಔಷಧಿ ಆಯಿತು, ಪಥ್ಯ ಆಯಿತು, ದೊಡ್ಡ ಆಸ್ಪತ್ರೆಯೂ ಆಯಿತು. ಅವನನ್ನು ನಮ್ಮ ಸಾಲಿನ ಹಿಂದೆಯೇ ಮಣ್ಣು ಮಾಡಿದರು. ಅಲ್ಲಿ ನಿಂತಾಗ ನನಗೆ ಬಂದ ಯೋಚನೆ ಒಂದೇ. ಅದೂ ಪಡುವಲ ನೆಲವೇ, ಮನೆಯ ಜೊತೆಗೇ ಸರಿಯುತ್ತದೆ, ನಾನಿರುವಷ್ಟೂ ದಿನ ಅವನು ಇಷ್ಟೇ ದೂರದಲ್ಲಿರುತ್ತಾನೆ. ಅದಕ್ಕೆ ಯಾರಿಗೆ ಕೃತಜ್ಞತೆ ಹೇಳುವುದೆಂದು ಗೊತ್ತಾಗಲಿಲ್ಲ.

ಕೆಂಡ ತಂದ ಬೆಳಿಗ್ಗೆಯ ನಂತರ ನಾನು ದಿನವೂ ಬಾಗಿಲಲ್ಲಿ ಕೂರತೊಡಗಿದೆ. ಮಾಡಲು ಬೇರೆ ಏನೂ ಇರಲಿಲ್ಲ. ಹಾಗೆ ಕೂತಾಗ ಕಂಡದ್ದು, ಫಕೀರಪ್ಪನವರು ಬೆಳಿಗ್ಗೆ ಎದ್ದವರೇ ಒಂದು ಕೋಲು ಹಿಡಿದು ಮನೆಯ ಹಿಂದಕ್ಕೆ ಹೋಗುವುದು, ಬಂದು ಕೋಲನ್ನು ಗೋಡೆಗೆ ಒರಗಿಸಿ ಸುಮ್ಮನೆ ಕೂರುವುದು. ಕೋಲಿನ ಒದ್ದೆ ದಿನದಿನಕ್ಕೆ ಮೇಲೇರುತ್ತಿತ್ತು. ಅವರು ಸ್ನಾನಕ್ಕೆ ನೀರನ್ನು ಮುಂದಿನ ಜಗುಲಿಗೆ ತಂದುಕೊಳ್ಳುತ್ತಿದ್ದರು. ಅವರ ಬಚ್ಚಲು ಹಿಂದೆ ಇತ್ತಲ್ಲ ಎಂದು ನನಗೆ ಹೊಳೆಯಲು ಎಷ್ಟೋ ದಿನ ಬೇಕಾಯಿತು.

ಪಕ್ಕದ ಮನೆಯ ನಿಂಗವ್ವ ನನಗೆ ಸೊಪ್ಪು ಬಿಡಿಸಿಕೊಡಲು ಬರುತ್ತಿದ್ದರು. ಮಳೆ ಹತ್ತಿರ ಬಂತು, ಎದುರಿನವರ ಮನೆಯನ್ನು ಇನ್ನೂ ಯಾಕೆ ಎತ್ತಿಲ್ಲ ಎಂದು ಅವರನ್ನು ಕೇಳಿದೆ. ನಿಂಗವ್ವನದು ಚುರುಕು ನಾಲಿಗೆ, ಯಾವ ಮಾತಿಗೂ ತಡವರಿಸಿದವರಲ್ಲ. ಅವತ್ತು ಸೊಪ್ಪಿನ ದಂಟನ್ನು ಎರಡು ಸಲ ಮುರಿದರು. ಮನೆ ಎತ್ತುವವರು ಬಂದಿದ್ದರು, ಹೋದರು ಎಂದರು. ಯಾಕೆ ಹೋದರು ಎಂದೆ.

"ಮೂರು ಜಾಕಿಯ ಮೇಲೆ ಮನೆ ಏಳುತ್ತದೇನೇ? ದನ ಸಹ ನಾಲ್ಕು ಕಾಲ ಮೇಲೆ ನಿಲ್ಲುತ್ತದೆ."

ಬೇರೆಯವರದು ತರಬಾರದೇ ಎಂದೆ. ಅಷ್ಟು ದೊಡ್ಡ ಜಾಕಿ ಊರಲ್ಲಿ ಇರುವುದೇ ಕೆಲವು, ಮಳೆಗೆ ಮುಂಚೆ ಬಸವಂತನವೂ ಸೇರಿ ಅವೆಲ್ಲ ಗುಡ್ಡದ ಕಡೆಯ ಮನೆಗಳ ಕೆಳಗೆ ಇರುತ್ತವೆ, ತೆಗೆದರೆ ಅವು ಬೀಳುತ್ತವೆ ಎಂದರು. ಹಾಗಾದರೆ ಇವರ ನಾಲ್ಕನೆಯದು ಎಲ್ಲಿ ಎಂದು ಕೇಳಿದೆ.

ನಿಂಗವ್ವ ಸೊಪ್ಪನ್ನು ಬುಟ್ಟಿಗೆ ಹಾಕಿ ಎದ್ದರು. "ನನ್ನನ್ನು ಕೇಳಬೇಡ ವಾರಿಜಾ. ನಾನು ಹೇಳಿದರೆ ಅವರೇ ಕೇಳಿದ ಹಾಗಾಗುತ್ತದೆ." ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಅಡುಗೆಮನೆಯ ಕೆಳಗೆ ಕಸ ಗುಡಿಸಿ ಎಷ್ಟು ದಿನವಾಯಿತು ನೀನು?"

ಆಗಲೇ ಹಿಂದಕ್ಕೆ ಹೋಗಿ ಮೂಲೆಯ ಕೆಳಗೆ ಬಗ್ಗಿ ನುಗ್ಗಿದೆ. ಮಧ್ಯಾಹ್ನದ ಬಿಸಿಲು ಅಷ್ಟು ದೂರಕ್ಕೆ ಬಂದಿತ್ತು. ತೊಲೆಯ ಕೆಳಗೆ, ಒಂದು ಚಪ್ಪಡಿಯ ಮೇಲೆ, ಮೊಣಕಾಲೆತ್ತರದ ಕಬ್ಬಿಣದ ಜಾಕಿ ನಿಂತಿತ್ತು. ಅದರ ಕುತ್ತಿಗೆಗೆ ಬದನೆಕಾಯಿ ಬಣ್ಣದ ಚೂರು ಕಟ್ಟಿತ್ತು. ನಮ್ಮ ಮದುವೆಯ ದಿನ ಹಲಗೆಗೆ ಅರಿಸಿನ ಹಚ್ಚುವಾಗ ರುದ್ರವ್ವ ಉಟ್ಟಿದ್ದ ಸೀರೆ ಅದು. ತಿರುಪಿನ ಮೇಲೆ ಎಣ್ಣೆಯಲ್ಲಿ ಒಂದು ಹೆಬ್ಬೆರಳಿನ ಗುರುತಿತ್ತು. ಮುಟ್ಟಲಿಲ್ಲ. ಅಲ್ಲೇ ಮಣ್ಣಿನ ಮೇಲೆ ಮುದುರಿ ಕೂತೆ. ತಲೆಯ ಮೇಲೆ ನನ್ನ ಒಲೆ, ನನ್ನ ಡಬ್ಬಿಗಳು, ಸಮನಾಗಿ ಉಕ್ಕಿದ ಹಾಲು. ಎದುರಿಗೆ ಅವರ ಬಚ್ಚಲು ನೀರಿಗೆ ಹೋಗಿತ್ತು. ಆ ಮನೆಯಿಂದಲೇ ಅವರು ಅಷ್ಟೂ ದಿನ ನನಗೆ ಅನ್ನ ತಂದಿದ್ದರು. ಬಿಸಿಯಾಗಿ ತಂದಿದ್ದರು. ನಾನು ಮುಟ್ಟದೆ ಬಿಟ್ಟ ದಿನ ತಾವೇ ಕಲಸಿ ಬಾಯಿಗಿಟ್ಟಿದ್ದರು.

ಹಲಗೆ ದಾಟಿ ಹೋದೆ. ಅದರ ತುದಿ ಅವರ ಹೊಸ್ತಿಲ ಅಂಚಿನಲ್ಲಿ ಈಗಲೋ ಆಗಲೋ ಜಾರುವಂತೆ ಕೂತಿತ್ತು. ರುದ್ರವ್ವ ಅಕ್ಕಿ ಆರಿಸುತ್ತಿದ್ದರು. ಫಕೀರಪ್ಪನವರು ಗೋಡೆಗೆ ಒರಗಿ ಕೂತಿದ್ದರು. ಒಳಗಿನ ಪಾತ್ರೆಪಗಡೆ, ಹಾಸಿಗೆ ಎಲ್ಲವನ್ನೂ ಮುಂದಿನ ಕೋಣೆಗೆ ತಂದು ಗಂಟು ಕಟ್ಟಿಟ್ಟಿದ್ದರು. ಹಿಂದಿನ ಬಾಗಿಲ ಆಚೆ ಕೆರೆ ಕಾಣುತ್ತಿತ್ತು.

"ಜಾಕಿ ನಿಮ್ಮದು," ಎಂದೆ.

ರುದ್ರವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಯಾವ ಜಾಕಿ?"

"ನನ್ನ ಅಡುಗೆಮನೆಯ ಕೆಳಗಿರುವುದು."

"ಇದ್ದರೆ ಇರಲಿ ಬಿಡು. ಅಲ್ಲಿ ಅದಕ್ಕೆ ಕೆಲಸ ಇದೆ."

"ಇಲ್ಲೂ ಇದೆ."

ಫಕೀರಪ್ಪನವರು ಗಂಟಲು ಸರಿ ಮಾಡಿಕೊಂಡರು. "ಇವಳಿಗೆ ಈಜು ಕಲಿಸುತ್ತೇನೆ ಅಂದಿದ್ದೇನೆ. ಈ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಲಾರೆ ಅನ್ನುತ್ತಾಳೆ."

"ನೀವು ಸುಮ್ಮನಿರಿ," ಎಂದರು ರುದ್ರವ್ವ. ಮೊರವನ್ನು ಪಕ್ಕಕ್ಕಿಟ್ಟರು. "ನೋಡು ತಾಯಿ. ಆ ಮೂಲೆ ಅವನು ನಿನಗೋಸ್ಕರ ಎತ್ತಿದ್ದು. ಕೊನೆಗೆ ಅದನ್ನು ತಿರುಗಿಸಿದ ಕೈ ಅವನದು. ಅದನ್ನು ಬಿಚ್ಚಿಕೊಡು ಅಂತ ಕೇಳುವ ಬಾಯಿ ನನಗಿಲ್ಲ. ನಾವು ಈ ಮನೆಯಲ್ಲಿ ಬೇಕಾದಷ್ಟು ಬಾಳಿದ್ದೇವೆ, ಹೋದರೆ ಹೋಗಲಿ. ನೀನು ಈಗ ತಾನೇ ಶುರು ಮಾಡಿದವಳು."

ಆ ಮಾತನ್ನು ಅಷ್ಟು ನೇರವಾಗಿ ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಬಂದವರೆಲ್ಲ ನಿನ್ನದು ಮುಗಿಯಿತಲ್ಲ ಎಂಬ ಹಾಗೆ ಮುಖ ನೋಡಿ ಹೋಗಿದ್ದರು. ನೀವು ಕೇಳಲಿಲ್ಲ, ನಾನಾಗಿಯೇ ತರುತ್ತೇನೆ ಎಂದಷ್ಟೇ ಹೇಳಿ ಹಿಂತಿರುಗಿದೆ.

ಕಲ್ಲು ಬೇಕಿತ್ತು. ನಿಂಗವ್ವನ ಬಾಗಿಲಿಗೆ ಹೋದರೆ ಅವರು ಆಗಲೇ ಒಂದು ಚಪ್ಪಡಿಯನ್ನು ಅಂಗಳಕ್ಕೆ ತೆಗೆದಿಟ್ಟಿದ್ದರು. ಇಷ್ಟು ಹೊತ್ತು ಬೇಕಾಯಿತಾ ನಿನಗೆ ಎಂದರು. ಅವರು ಅಕ್ಕಪಕ್ಕದ ಮನೆಯವರನ್ನು ಕೂಗಿದರು, ಪಡುವಲ ಸಾಲಿನ ಕೆಲವು ಮನೆಗಳಿಂದ ಒಂದೊಂದು ಚಪ್ಪಡಿ ಬಂತು. ಗುಡ್ಡದ ಕಲ್ಲು ಅವು. ಒಂದರ ಮೈಮೇಲೆ ಸಣ್ಣ ಕಪ್ಪೆಚಿಪ್ಪಿನ ಅಚ್ಚು ಇತ್ತು. ಗುಡ್ಡದ ಕಲ್ಲಿನಲ್ಲಿ ಅದು ಸಾಮಾನ್ಯ. ನಮ್ಮ ಕೆರೆಯ ತಳದ ಕೆಸರೇ ಸಾಲಿನ ಜೊತೆ ಸರಿದು ಸರಿದು, ಎಷ್ಟೋ ತಲೆಮಾರಿನ ಮೇಲೆ ಒತ್ತಿಸಿಕೊಂಡು ಗುಡ್ಡವಾಗುತ್ತದೆ. ಓದಿನಿಂದ ಇದು ನನಗೆ ಗೊತ್ತಿತ್ತು. ಕೈಯಲ್ಲಿ ಹಿಡಿದು ಅಡುಗೆಮನೆಯ ಕೆಳಗೆ ಇಟ್ಟಾಗ ಬೇರೆ ಥರ ಗೊತ್ತಾಯಿತು.

ಚಪ್ಪಡಿಗಳನ್ನು ತೊಲೆಯ ಕೆಳಗೆ ಒಂದರ ಮೇಲೊಂದು ಜೋಡಿಸಿದೆವು. ತೊಲೆಗೂ ಕಲ್ಲಿಗೂ ನಡುವೆ ಅಂಗೈ ಹೋಗುವಷ್ಟು ಸಂದು ಉಳಿಯಿತು. ಇನ್ನೊಂದು ಕಲ್ಲು ಹಾಕೋಣ, ಸಮ ಬರುತ್ತದೆ ಎಂದು ನಿಂಗವ್ವನ ಗಂಡ ಅಂದರು. ಕೊಟ್ಟು ನೋಡಿದರು, ಕೂರಲಿಲ್ಲ. ಇಷ್ಟು ಸಾಕು ಎಂದೆ. ಉಳಿದವರು ಹೊರಗೆ ಹೋದರು, ನಾನೊಬ್ಬಳೇ ಒಳಗೆ ಉಳಿದೆ. ಜಾಕಿಯ ತೂತಿಗೆ ಸರಳು ಹಾಕಿದೆ. ಎಣ್ಣೆಯ ಮೇಲಿನ ಬೆರಳ ಗುರುತನ್ನು ಒಮ್ಮೆ ನೋಡಿದೆ. ತಿರುಪು ಬಿಗಿದಿರುತ್ತದೆ, ಒದ್ದಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಅದು ಬೆಣ್ಣೆಯ ಹಾಗೆ ತಿರುಗಿತು. ಬೇರೆಯವರ ಸಾಮಾನಿಗೆ ಅವನು ಮೊದಲು ಎಣ್ಣೆ ಹಾಕಿ ಆಮೇಲೆ ಬಳಸುತ್ತಿದ್ದ. ಒಂದೊಂದು ಸುತ್ತಿಗೂ ಮೇಲಿನ ತೊಲೆ ಕಿರ್ ಎಂದಿತು. ಅವನು ಎತ್ತಿದ್ದನ್ನು ಅಷ್ಟಷ್ಟೇ ನಾನು ಇಳಿಸಿದೆ. ತೊಲೆ ಕಲ್ಲಿನ ಮೇಲೆ ಕೂತಿತು. ಮೇಲೆ ಅಡುಗೆಮನೆಯಲ್ಲಿ ಯಾವುದೋ ಡಬ್ಬಿ ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಕೈ ನೋಡಿಕೊಂಡೆ. ಎಣ್ಣೆ, ಮಣ್ಣು, ಸರಳಿನ ಕೆಂಪು ಬರೆ. ನೋಯುತ್ತಿತ್ತು. ನನ್ನದೇ ಕೈ ಅನ್ನಿಸಿತು.

ಹೊರಗೆ ಬಂದಾಗ ಫಕೀರಪ್ಪನವರು ಸೀಳಿನ ಆಚೆ ದಡದಲ್ಲಿ ನಿಂತಿದ್ದರು. ಅಡುಗೆಮನೆಯ ಮೂಲೆ ನೋಡಿ, ಓರೆಯಾಯಿತಲ್ಲಮ್ಮ ಎಂದರು. ಆಗಲಿ, ಸಾರು ಯಾವ ಕಡೆಗೆ ಹೋಗುತ್ತದೆ ಅನ್ನುವುದು ಇನ್ನು ನನಗೆ ಗೊತ್ತಿರುತ್ತದೆ ಎಂದೆ. ಅವರು ನಕ್ಕರು. ಆಮೇಲೆ ಮುಖ ಗಂಭೀರವಾಯಿತು. ಮನೆ ಎದ್ದರೆ ನಾವು ಗುಡ್ಡದ ಬುಡಕ್ಕೆ ಹೋಗಬೇಕು, ಅಷ್ಟು ದೂರ, ನಿನ್ನ ಎದುರು ಯಾರೂ ಇರುವುದಿಲ್ಲ, ಕೆರೆಯೇ ಇರುತ್ತದೆ, ಮುಂದಿನ ಮನೆ ಎದುರಾಗುವವರೆಗೆ ಹೇಗೆ ಎಂದು ಕೇಳಿದರು. ಅವರನ್ನು ತಡೆದಿದ್ದು ಜಾಕಿ ಒಂದೇ ಅಲ್ಲ ಎಂದು ಆಗ ಅರ್ಥವಾಯಿತು.

ನಾನು ಒಂದು ಕಡ್ಡಿ ತೆಗೆದುಕೊಂಡು ಧೂಳಿನಲ್ಲಿ ಎರಡು ಗೆರೆ ಎಳೆದೆ. ಇದು ನಮ್ಮ ಸಾಲು, ಗುಡ್ಡದ ಕಡೆಗೆ ಹೋಗುತ್ತದೆ. ಇದು ನಿಮ್ಮದು, ಗುಡ್ಡದಿಂದ ಕೆರೆಗೆ ಬರುತ್ತದೆ. ನೀವು ಅಲ್ಲಿಂದ ಹೊರಡುತ್ತೀರಿ, ನಾನು ಇಲ್ಲಿಂದ. ನಡುವೆ ಒಂದು ಕಡೆ ನಮ್ಮ ಬಾಗಿಲುಗಳು ಮತ್ತೆ ಎದುರಾಗಲೇಬೇಕು. ಶಾಲೆಯ ಹತ್ತಿರ, ಪರಸಪ್ಪನ ಬೆಂಚು ಈಗಿರುವ ಆಸುಪಾಸಿನಲ್ಲಿ. ನಾನು ಈ ಊರಿಗೆ ಬಂದು ಮಾಡಿದ ಅಳತೆಯೆಲ್ಲ ಇಷ್ಟನ್ನು ಹೇಳುವುದಕ್ಕೇ ಇತ್ತೇನೋ.

ಅವರು ಗೆರೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. "ಅಷ್ಟರಲ್ಲಿ ನನಗೆ ಹಲ್ಲಿರುವುದಿಲ್ಲ."

"ಬಾಗಿಲಿರುತ್ತದೆ," ಎಂದೆ.

ಜಾಕಿಯನ್ನು ತೊಳೆಯಲಿಲ್ಲ, ಎಣ್ಣೆ ಇದ್ದ ಹಾಗೇ ಇರಲಿ ಎಂದು ಬಿಟ್ಟೆ. ಸೀರೆಯ ಚೂರನ್ನು ಬಿಚ್ಚಲಿಲ್ಲ, ಅದನ್ನು ಬಿಚ್ಚಬೇಕಾದವರು ಕಟ್ಟಿದವರು. ತುಂಬಿದ ಕೊಡದ ಭಾರ ಇತ್ತು. ಹೊರಲು ನಿಂಗವ್ವ ಕೈ ಕೊಡಲು ಬಂದರು, ಆಮೇಲೆ ತಾವೇ ಹಿಂದೆ ಸರಿದರು. ಎದೆಗೆ ಅವಚಿಕೊಂಡು ಎತ್ತಿದೆ. ನಮ್ಮ ಹೊಸ್ತಿಲು ದಾಟಿ ಹಲಗೆಯ ಮೇಲೆ ಕಾಲಿಟ್ಟೆ. ಹಲಗೆ ಬಗ್ಗಿತು, ಆಚೆ ತುದಿ ಹೊಸ್ತಿಲ ಅಂಚಿನಲ್ಲಿ ಅಲುಗಿತು. ಕೆಳಗೆ ಸೀಳಿನೊಳಗೆ ರಾಗಿ ಬೀಸುವ ಸದ್ದು. ಬಾಗಿಲಲ್ಲಿ ರುದ್ರವ್ವ ಬಂದು ನಿಂತಿದ್ದರು. ಅವರು ಹಲಗೆಯ ತುದಿಯನ್ನು ಅಂಗಾಲಿನಿಂದ ಒತ್ತಿ ಹಿಡಿದರು.

ಎರಡೂ ಕೈ ಚಾಚಿ ತೆಗೆದುಕೊಂಡರು. ಭಾರಕ್ಕೆ ಒಂದು ಹೆಜ್ಜೆ ಹಿಂದೆ ಹೋದರು. ಜಾಕಿಯನ್ನು ಹೊಸ್ತಿಲ ಒಳಗೆ ಇಳಿಸಿ, ಸೀರೆಯ ಚೂರಿನ ಗಂಟು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಎಣ್ಣೆಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಾನು ಕಾದೆ. ಅವರು ಕೇಳಬೇಕಾದದ್ದನ್ನು ಕೇಳದೆ ನಾನು ಹಿಂತಿರುಗುವ ಹಾಗಿರಲಿಲ್ಲ.

"ಕೆಲಸಕ್ಕೆ ಬಂತಾ?" ಎಂದರು ಕೊನೆಗೆ.

"ಬಂತು," ಎಂದೆ.